ಕ್ಯಾಮೆರಾ ಹಿಡಿಯುವ ಕೈ



ಹೊಲಿಗೆ ತರಬೇತಿ ಅಂದರೆ ನಮಗೆ ಗೊತ್ತು. ನರ್ಸಿಂಗ್ ಓದು ಅಂದರೆ ಗೊತ್ತು. ಕ್ಯಾಮೆರಾ ಹಿಡಿಯುವುದು, ದನಿ ಮುದ್ರಿಸುವುದು, ಚಿತ್ರ ಜೋಡಿಸುವುದು, ಇವನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆ. ಇದೂ ಒಂದು ಕಸುಬಿನ ಓದು. ಈ ಪಾಠ ಆ ಓದಿನ ಬಗ್ಗೆ.

ಪಾಠಕ್ಕೆ ಒಂದು ಕತೆ ಬೇಕಲ್ಲ? ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ ಅಂತ ಇಟ್ಟುಕೊಳ್ಳೋಣ. ತಾಯಿಯ ಹೆಸರು ರಂಗಮ್ಮ ಅನ್ನೋಣ. ಮಗಳ ಹೆಸರು ಸುಧಾ ಅನ್ನೋಣ. ಇದು ಕಟ್ಟಿದ ಕತೆ. ಆದರೆ ಇಂಥ ತಾಯಿ ಮಗಳು ನಿಮ್ಮ ಬೀದಿಯಲ್ಲೂ ಇರಬಹುದು.

1. ಬಣ್ಣದ ಕಾಗದ

ಸುಧಾ ಪಿಯುಸಿ ಪಾಸಾದಳು. ಮುಂದೆ ಏನು ಓದುವುದು ಎಂಬ ಮಾತು ಮನೆಯಲ್ಲಿ ಬಂತು.

"ಅಮ್ಮ, ನಾನು ಕ್ಯಾಮೆರಾ ಕೆಲಸ ಕಲಿತೀನಿ" ಅಂದಳು ಸುಧಾ.

ಪಕ್ಕದ ಮನೆಯ ಅತ್ತೆ ಜಗಲಿ ಮೇಲೆ ಕೂತಿದ್ದರು. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಹೆಣ್ಣುಡುಗಿ ಕ್ಯಾಮೆರಾ ಹೊತ್ಕಂಡು ಊರೂರು ತಿರುಗೋದಾ ರಂಗಮ್ಮ? ನಾಳೆ ಯಾರು ಮದುವೆ ಆಗ್ತಾರೆ?"

ರಂಗಮ್ಮ ಏನೂ ಹೇಳಲಿಲ್ಲ. ಅವಳ ಮನಸ್ಸಿನಲ್ಲೂ ಅದೇ ಭಯ ಇತ್ತು.

ಎರಡು ದಿನ ಕಳೆಯಿತು. ಊರಿಗೆ ಒಬ್ಬ ಮನುಷ್ಯ ಬಂದ. ಕೈಯಲ್ಲಿ ಬಣ್ಣದ ಕಾಗದ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಹೀಗೆ ಇತ್ತು: "3 ತಿಂಗಳ ಕೋರ್ಸು. ಟಿವಿಯಲ್ಲಿ ಕೆಲಸ ಗ್ಯಾರಂಟಿ."

"ಇವತ್ತೇ ಅರ್ಧ ದುಡ್ಡು ಕಟ್ಟಿ. ನಾಳೆ ಸೀಟು ಇರಲ್ಲ. ಇಲ್ಲೊಂದು ಸೈನ್ ಹಾಕಮ್ಮ" ಅಂದ ಅವನು.

ರಂಗಮ್ಮನ ಹತ್ತಿರ ದುಡ್ಡಿತ್ತು. ಎರಡು ಕುರಿ ಮಾರಿದ ದುಡ್ಡು. ಸ್ತ್ರೀಶಕ್ತಿ ಸಂಘದಲ್ಲಿ ತಂದ ಸಾಲದ ದುಡ್ಡು. ಎರಡೂ ಸೇರಿ ಪೆಟ್ಟಿಗೆಯಲ್ಲಿತ್ತು.

ಮೊದಲಾಗಿದ್ದರೆ ಅವಳು ಹೆಬ್ಬೆಟ್ಟು ಒತ್ತಿ ಬಿಡುತ್ತಿದ್ದಳು. ಈಗ ಅವಳಿಗೆ ಓದು ಬರುತ್ತದೆ. ಸಂಜೆ ಕಲಿಕಾ ಕೇಂದ್ರದಲ್ಲಿ ಕಲಿತದ್ದು. ಓದುವುದು ನಿಧಾನ. ಆದರೂ ಓದುತ್ತಾಳೆ.

"ತಡೀರಿ, ಓದಿ ಹಾಕ್ತೀನಿ" ಅಂದಳು ರಂಗಮ್ಮ.

ಕಾಗದದ ಕೆಳಗೆ ಸಣ್ಣ ಅಕ್ಷರ ಇದ್ದವು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು.

"ಕಟ್ಟಿದ ಹಣವನ್ನು ಯಾವುದೇ ಕಾರಣಕ್ಕೂ ಹಿಂದಿರುಗಿಸುವುದಿಲ್ಲ."

ಮತ್ತೊಂದು ಸಾಲು ಓದಿದಳು.

"ಕೆಲಸ ಕೊಡಿಸುವುದು ನಮ್ಮ ಹೊಣೆಯಲ್ಲ."

ಮೇಲೆ ದೊಡ್ಡ ಅಕ್ಷರದಲ್ಲಿ ಗ್ಯಾರಂಟಿ. ಕೆಳಗೆ ಸಣ್ಣ ಅಕ್ಷರದಲ್ಲಿ ಹೊಣೆಯಿಲ್ಲ! ರಂಗಮ್ಮ ಪೆನ್ನನ್ನು ವಾಪಸು ಕೊಟ್ಟಳು.

"ನಾವು ವಿಚಾರಿಸಿ ಹೇಳ್ತೀವಣ್ಣ" ಅಂದಳು.

ಅವನು ಗೊಣಗುತ್ತಾ ಹೋದ. ಸುಧಾಳ ಕಣ್ಣಲ್ಲಿ ನೀರು ಬಂತು.

"ಅಳಬೇಡ ಕಣೆ. ಓದಿಸಲ್ಲ ಅಂತ ನಾನು ಎಲ್ಲಿ ಹೇಳಿದೆ? ತಿಳ್ಕೊಂಡು ಸೇರೋಣ ಅಂದೆ" ಅಂದಳು ರಂಗಮ್ಮ.

2. ಈ ಓದಿನಲ್ಲಿ ಏನು ಕಲಿಸುತ್ತಾರೆ?

ಮಾರನೆಯ ವಾರ ತಾಯಿ ಮಗಳು ತುಮಕೂರಿಗೆ ಹೊರಟರು. ಗುಬ್ಬಿಯಿಂದ ತುಮಕೂರು ಸುಮಾರು 20 ಕಿಲೋಮೀಟರ್. ಸರ್ಕಾರಿ ಬಸ್ಸು ಹತ್ತಿದರು. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಶಕ್ತಿ ಯೋಜನೆ ಅಂತಾರಲ್ಲ, ಅದು.

ತುಮಕೂರಿನ ಒಂದು ಕಾಲೇಜಿಗೆ ಹೋದರು. ಅಲ್ಲಿನ ಮೇಡಂ ಒಳಗೆ ಕರೆದು ಕೂರಿಸಿದರು. ಕ್ಯಾಮೆರಾ ಕೋಣೆ ತೋರಿಸಿದರು. ದನಿ ಮುದ್ರಿಸುವ ಕೋಣೆ ತೋರಿಸಿದರು. ಆ ಕೋಣೆಯ ಗೋಡೆಗೆಲ್ಲಾ ಮೆತ್ತೆ ಹಾಕಿದ್ದರು.

"ಗೋಡೆಗೆ ಯಾಕೆ ಮೆತ್ತೆ?" ಕೇಳಿದಳು ರಂಗಮ್ಮ.

"ಬರಿ ಗೋಡೆಗೆ ಮಾತು ಬಡಿದು ವಾಪಸು ಬರುತ್ತೆ. ಖಾಲಿ ಮನೆಯಲ್ಲಿ ಮಾತಾಡಿದರೆ ದನಿ ಗುಂಯ್ ಅನ್ನುತ್ತಲ್ಲ, ಹಾಗೆ. ಮೆತ್ತೆ ಇದ್ದರೆ ಅದು ದನಿಯನ್ನು ಹೀರಿಕೊಳ್ಳುತ್ತೆ. ಆಗ ಮಾತು ಸ್ಪಷ್ಟವಾಗಿ ಬರುತ್ತೆ" ಅಂದರು ಮೇಡಂ.

ಆಮೇಲೆ ಅವರು ಕೆಲಸಗಳನ್ನು ಒಂದೊಂದಾಗಿ ಹೇಳಿದರು.

ಮೊದಲನೆಯದು ಬರವಣಿಗೆ. ಏನು ತೋರಿಸಬೇಕು, ಯಾರು ಮಾತಾಡಬೇಕು ಎಂದು ಮೊದಲೇ ಬರೆದುಕೊಳ್ಳಬೇಕು. ಅಡಿಗೆಗೆ ಮುಂಚೆ ಸಾಮಾನು ಜೋಡಿಸಿಕೊಂಡ ಹಾಗೆ.

ಎರಡನೆಯದು ಕ್ಯಾಮೆರಾ ಮತ್ತು ಬೆಳಕು. ಮುಖಕ್ಕೆ ಬೆಳಕು ಬೀಳಬೇಕು. ಬೆನ್ನ ಹಿಂದೆ ಬಿಸಿಲಿದ್ದರೆ ಮುಖ ಕಪ್ಪಾಗುತ್ತದೆ. ಕೈ ನಡುಗಿದರೆ ಚಿತ್ರವೂ ನಡುಗುತ್ತದೆ. ಅದಕ್ಕೇ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಇಡುತ್ತಾರೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಅವು ಬೇಗಬೇಗ ಓಡುವುದರಿಂದ ನಮ್ಮ ಕಣ್ಣಿಗೆ ಜನ ನಡೆದಾಡಿದ ಹಾಗೆ ಕಾಣುತ್ತದೆ.

ಮೂರನೆಯದು ದನಿ. ಮೈಕಿಗೆ ಗಾಳಿ ಹೊಡೆದರೆ ಬರ್ ಬರ್ ಅನ್ನುತ್ತದೆ. ಫ್ಯಾನಿನ ಸದ್ದು ನಮ್ಮ ಕಿವಿಗೆ ಕೇಳಿಸದೆ ಹೋಗಬಹುದು. ಮೈಕು ಅದನ್ನು ಬಿಡುವುದಿಲ್ಲ.

ನಾಲ್ಕನೆಯದು ಎಡಿಟಿಂಗ್, ಅಂದರೆ ಜೋಡಣೆ. ತೆಗೆದದ್ದರಲ್ಲಿ ಬೇಡವಾದುದನ್ನು ಬಿಡಬೇಕು. ಬೇಕಾದುದನ್ನು ಸಾಲಾಗಿ ಜೋಡಿಸಬೇಕು. ಇದನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ.

"ಅಕ್ಕಿ ಆರಿಸಿದ ಹಾಗೆ, ಆಮೇಲೆ ಹೂ ಕಟ್ಟಿದ ಹಾಗೆ" ಅಂದಳು ರಂಗಮ್ಮ.

"ಸರಿಯಾಗಿ ಹೇಳಿದಿರಿ" ಎಂದು ಮೇಡಂ ನಕ್ಕರು.

3. ಗುಬ್ಬಿಗೆ ಇದು ಹೊಸದಲ್ಲ

"ನೀವು ಗುಬ್ಬಿಯವರು. ನಿಮ್ಮ ಊರಿನಲ್ಲೇ ಇಂಥ ಕಸುಬು ಕಲಿಸುವ ದೊಡ್ಡ ಶಾಲೆ ಹುಟ್ಟಿತ್ತು" ಅಂದರು ಮೇಡಂ.

ಅದು ಗುಬ್ಬಿ ನಾಟಕ ಕಂಪನಿ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಎಂದು ಅದರ ಹೆಸರು. ಅದು 1884ರಲ್ಲಿ ಶುರುವಾಯಿತು. ಅದನ್ನು ನಾಡಿಗೆಲ್ಲಾ ಹೆಸರುವಾಸಿ ಮಾಡಿದವರು ಗುಬ್ಬಿ ವೀರಣ್ಣ. ಅವರು 1891ರಲ್ಲಿ ಹುಟ್ಟಿದರು. ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿ ಸೇರಿದರು. 1972ರಲ್ಲಿ ತೀರಿಕೊಂಡರು.

ಆ ಕಂಪನಿಯಲ್ಲಿ ಪಾರ್ಟು ಮಾಡುವವರು ಮಾತ್ರ ಇರಲಿಲ್ಲ. ಪರದೆ ಬರೆಯುವವರು ಇದ್ದರು. ದೀಪ ನೋಡಿಕೊಳ್ಳುವವರು ಇದ್ದರು. ಬಟ್ಟೆ ಹೊಲಿಯುವವರು ಇದ್ದರು. ಹಾರ್ಮೋನಿಯಂ ನುಡಿಸುವವರು ಇದ್ದರು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಎಲ್ಲರೂ ಕೆಲಸ ಮಾಡುತ್ತಾ ಕೆಲಸ ಕಲಿತರು.

ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿ ಇದ್ದವರು. 1954ರಲ್ಲಿ ಬಂದ ಬೇಡರ ಕಣ್ಣಪ್ಪ ಸಿನಿಮಾದಲ್ಲಿ ಅವರು ಮೊದಲ ಸಲ ನಾಯಕರಾದರು. ಆ ಸಿನಿಮಾ ತಯಾರಿಸಿದವರಲ್ಲಿ ಗುಬ್ಬಿ ವೀರಣ್ಣನವರೂ ಒಬ್ಬರು.

ಹೆಂಗಸರೂ ಆ ಕಂಪನಿಯಲ್ಲಿ ಹೆಸರು ಮಾಡಿದರು. ಬಿ. ಜಯಮ್ಮನವರು ನಾಟಕದಲ್ಲೂ ಸಿನಿಮಾದಲ್ಲೂ ಪಾರ್ಟು ಮಾಡಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ಅವರಿಗೆ 2013ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಕಾಲೇಜಿನಲ್ಲಿ ಕ್ಯಾಮೆರಾ ಕಲಿಸುವುದೂ ನಮ್ಮ ನಾಡಿನಲ್ಲಿ ಹಳೆಯದೇ. ಮೈಸೂರಿನ ವಿ.ಕೆ. ಮೂರ್ತಿ ಎಂಬುವರು 1940ರ ದಶಕದಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತರು. ಆಮೇಲೆ ಬೊಂಬಾಯಿಗೆ ಹೋಗಿ ದೊಡ್ಡ ಹೆಸರು ಮಾಡಿದರು. ಅವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಿಕ್ಕಿತು. ಕ್ಯಾಮೆರಾ ಕೆಲಸದವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಆ ಪಾಲಿಟೆಕ್ನಿಕ್‌ನ ಕ್ಯಾಮೆರಾ ಪಾಠ ಆಮೇಲೆ ಹೆಸರಘಟ್ಟಕ್ಕೆ ಹೋಯಿತು. ಅಲ್ಲಿರುವುದು ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ. ಕ್ಯಾಮೆರಾ ಮತ್ತು ದನಿ ಮುದ್ರಣದ ಡಿಪ್ಲೊಮಾ ಅಲ್ಲಿನ ಓದು.

4. ಹೆಣ್ಣುಮಕ್ಕಳಿಂದ ಆಗುತ್ತದೆಯೆ?

ರಂಗಮ್ಮ ತನ್ನ ಭಯವನ್ನು ಬಾಯಿಬಿಟ್ಟು ಹೇಳಿದಳು.

"ಮೇಡಂ, ಇದು ಗಂಡಸರ ಕೆಲಸ ಅಂತಾರೆ."

ಮೇಡಂ ಮೂರು ಸಂಗತಿ ಹೇಳಿದರು.

ಒಂದು. ಬಿ.ಆರ್. ಪಂತುಲು ಎಂಬ ನಿರ್ದೇಶಕರು ಕಿತ್ತೂರು ಚೆನ್ನಮ್ಮ ಸಿನಿಮಾ ಮಾಡಿದವರು. ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ. ಅವರು 1985ರಲ್ಲಿ ಒಂದು ತಮಿಳು ಸಿನಿಮಾಕ್ಕೆ ಪೂರ್ತಿ ಕ್ಯಾಮೆರಾ ಕೆಲಸ ಮಾಡಿದರು. ಏಷ್ಯಾದ ಮೊದಲ ಕ್ಯಾಮೆರಾ ಮಹಿಳೆ ಎಂದು ಅವರನ್ನು ಕರೆಯುತ್ತಾರೆ.

ಎರಡು. ಕೋಲಾರ ಜಿಲ್ಲೆಯಲ್ಲಿ ಬೂದಿಕೋಟೆ ಎಂಬ ಊರಿದೆ. ಅಲ್ಲಿ 2003ರ ಹೊತ್ತಿಗೆ 'ನಮ್ಮ ಧ್ವನಿ' ಶುರುವಾಯಿತು. ಮಹಿಳಾ ಸಂಘದವರು ಮೈಕು ಹಿಡಿದು ಕಾರ್ಯಕ್ರಮ ಮಾಡಿದರು. ಹಳ್ಳಿಯವರಿಗೆ ರೇಡಿಯೊ ನಡೆಸುವ ಅಪ್ಪಣೆ ಆಗ ಇರಲಿಲ್ಲ. ಅದಕ್ಕೇ ಟಿವಿ ಕೇಬಲ್ ತಂತಿಯಲ್ಲಿ ಮನೆಮನೆಗೆ ದನಿ ಕಳಿಸಿದರು. 2006ರಲ್ಲಿ ಸರ್ಕಾರದ ನಿಯಮ ಬದಲಾಯಿತು. ಸಂಘ ಸಂಸ್ಥೆಗಳೂ ರೇಡಿಯೊ ನಡೆಸಬಹುದು ಎಂದಾಯಿತು. ಇದಕ್ಕೆ ಸಮುದಾಯ ಬಾನುಲಿ ಎನ್ನುತ್ತಾರೆ. ತುಮಕೂರಿನಲ್ಲೂ ಇಂಥದೊಂದು ಇದೆ. ಸಿದ್ಧಾರ್ಥ ಮಾಧ್ಯಮ ಅಧ್ಯಯನ ಕೇಂದ್ರದವರ ರೇಡಿಯೊ ಸಿದ್ಧಾರ್ಥ, 90.8.

ಮೂರು. ನಮ್ಮ ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್ ಸಿಗುತ್ತದೆ. ಅಲ್ಲಿನ ಹಳ್ಳಿಗಳ ದಲಿತ ಹೆಣ್ಣುಮಕ್ಕಳು ಸಂಘ ಕಟ್ಟಿದ್ದಾರೆ. ಹೊಲದ ಕೆಲಸ ಮಾಡುವವರು. ಹಲವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರು ವಿಡಿಯೊ ಕ್ಯಾಮೆರಾ ಕಲಿತರು. ತಮ್ಮ ಬೀಜ, ತಮ್ಮ ಬೆಳೆಯ ಬಗ್ಗೆ ತಾವೇ ಚಿತ್ರ ತೆಗೆದರು. 2008ರಲ್ಲಿ ಸಂಗಂ ರೇಡಿಯೊ ಶುರುಮಾಡಿದರು.

ಮಾತಾಡುವವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟು ತೆಗೆಯುವುದಕ್ಕೆ ಆ ಹೆಂಗಸರು ಒಂದು ಹೆಸರು ಕೊಟ್ಟಿದ್ದಾರೆ. ಅದಕ್ಕೆ ಅವರು 'ಸಂಗಂ ಶಾಟ್' ಅನ್ನುತ್ತಾರೆ. ಯಾಕೆ ಗೊತ್ತೆ? ಸಂಘದಲ್ಲಿ ಎಲ್ಲರೂ ಒಂದೇ ಚಾಪೆ ಮೇಲೆ ಕೂರುತ್ತಾರೆ. ಅಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ.

ರಂಗಮ್ಮನಿಗೆ ಈ ಮಾತು ಬಹಳ ಹಿಡಿಸಿತು. ಅವಳೂ ಸಂಘದವಳೇ ಅಲ್ಲವೆ?

5. ಸೇರುವ ಮುಂಚೆ ಕೇಳಬೇಕಾದ್ದು

ರಂಗಮ್ಮ ಮನೆಯಿಂದಲೇ ಒಂದು ಚೀಟಿ ಬರೆದು ತಂದಿದ್ದಳು. ಅಕ್ಷರ ಸೊಟ್ಟ ಇದ್ದವು. ಪ್ರಶ್ನೆಗಳು ನೆಟ್ಟಗಿದ್ದವು.

ಈ ಓದಿಗೆ ಯಾರ ಮಾನ್ಯತೆ ಇದೆ? ವಿಶ್ವವಿದ್ಯಾಲಯದ್ದೊ, ತಾಂತ್ರಿಕ ಶಿಕ್ಷಣ ಇಲಾಖೆಯದ್ದೊ? ಕಾಗದ ತೋರಿಸುತ್ತೀರಾ?

ಒಟ್ಟು ಎಷ್ಟು ದುಡ್ಡು? ಪರೀಕ್ಷೆಗೆ ಬೇರೆ, ಬಟ್ಟೆಗೆ ಬೇರೆ, ಕ್ಯಾಮೆರಾಕ್ಕೆ ಬೇರೆ ಅಂತ ನಡುವೆ ಕೇಳುತ್ತೀರಾ?

ಕಟ್ಟಿದ ದುಡ್ಡಿಗೆ ರಸೀದಿ ಕೊಡುತ್ತೀರಾ? ಓದು ಬಿಟ್ಟರೆ ಎಷ್ಟು ವಾಪಸು ಬರುತ್ತೆ?

ಒಂದು ಕ್ಯಾಮೆರಾ ಎಷ್ಟು ಜನಕ್ಕೆ? ಹುಡುಗಿಯರ ಕೈಗೂ ಕೊಡುತ್ತೀರಾ, ಇಲ್ಲ ದೂರ ನಿಲ್ಲಿಸಿ ತೋರಿಸುತ್ತೀರಾ?

ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತೆ? ಹೊತ್ತಾದರೆ ಮನೆಗೆ ಬರುವ ದಾರಿ ಏನು? ಹುಡುಗಿಯರಿಗೆ ಶೌಚಾಲಯ ಇದೆಯಾ? ತೊಂದರೆ ಆದರೆ ಯಾರಿಗೆ ದೂರು ಹೇಳಬೇಕು?

ಓದು ಮುಗಿದ ಮೇಲೆ ಏನು ಕೆಲಸ?

ಮೇಡಂ ಒಂದೊಂದಕ್ಕೂ ಉತ್ತರ ಹೇಳಿದರು. ಮಾನ್ಯತೆಯ ಕಾಗದ ತೋರಿಸಿದರು. ಕಡೆಯ ಪ್ರಶ್ನೆಗೆ ನಿಜವನ್ನೇ ಹೇಳಿದರು.

"ಕೆಲಸ ಗ್ಯಾರಂಟಿ ಅಂತ ನಾನು ಹೇಳಲ್ಲಮ್ಮ. ಫೋಟೊ ಸ್ಟುಡಿಯೊ ಇದೆ. ಮದುವೆ ವಿಡಿಯೊ ಇದೆ. ಟಿವಿ ಸುದ್ದಿ ಇದೆ. ರೇಡಿಯೊ ಇದೆ. ಯೂಟ್ಯೂಬ್‌ಗೆ ವಿಡಿಯೊ ಮಾಡಿಸುವವರು ಇದ್ದಾರೆ. ಮದುವೆ ಕಾಲದಲ್ಲಿ ಕೈತುಂಬ ಕೆಲಸ. ಆಷಾಢದಲ್ಲಿ ಕೈ ಖಾಲಿ. ಮೊದಲ ವರ್ಷ ಸಂಪಾದನೆ ಕಡಿಮೆ. ಕೈ ಕುದುರಿದ ಮೇಲೆ ಜನ ಹುಡುಕಿಕೊಂಡು ಬರ್ತಾರೆ."

ಇನ್ನೊಂದು ವಿಷಯವನ್ನೂ ತಿಳಿಸಿದರು. ಬಿ.ವೊಕ್. ಎಂಬ ಕಸುಬಿನ ಪದವಿ ಇದೆ. ಅದನ್ನು ಎಲ್ಲ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅದರಲ್ಲಿ ಒಂದು ವರ್ಷ ಮುಗಿಸಿದರೆ ಡಿಪ್ಲೊಮಾ ಕೊಡುತ್ತಾರೆ. ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ. ಮೂರು ವರ್ಷಕ್ಕೆ ಪದವಿ. ನಡುವೆ ಓದು ನಿಂತರೂ ಕಲಿತದ್ದು ಪೂರ್ತಿ ಹಾಳಾಗುವುದಿಲ್ಲ.

ವಿದ್ಯಾರ್ಥಿವೇತನದ ಮಾತೂ ಬಂತು. ಕರ್ನಾಟಕ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಕಡೆ ಅರ್ಜಿ ಹಾಕಬೇಕು. ಕಂಪ್ಯೂಟರಿನಲ್ಲಿ ಹಾಕುವ ಅರ್ಜಿ ಅದು. ಜಾತಿ ಮತ್ತು ಆದಾಯದ ಪತ್ರ ಬೇಕಾಗುತ್ತದೆ. ಅದನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಕು.

ರಂಗಮ್ಮ ಅರ್ಜಿಯನ್ನು ಪೂರ್ತಿ ಓದಿದಳು. ಅರ್ಧ ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಪೋಷಕರ ಸಹಿ ಎಂದಿದ್ದ ಜಾಗದಲ್ಲಿ ತನ್ನ ಹೆಸರು ಬರೆದಳು. ರಸೀದಿ ಕೇಳಿ ಪಡೆದಳು. ಮಡಿಚಿ ಪರ್ಸಿನಲ್ಲಿ ಇಟ್ಟಳು.

6. ಕುಣಿಗಲ್ ಅಜ್ಜಿಯ ದನಿ

ರಂಗಮ್ಮನ ತವರು ಕುಣಿಗಲ್ ಕಡೆ. ಕುಣಿಗಲ್ ದೊಡ್ಡ ಕೆರೆಯ ಮೇಲೆ ಜನಪದ ಹಾಡೇ ಇದೆ. ನೀವೂ ಕೇಳಿರುತ್ತೀರಿ. ಅದನ್ನು ಕಟ್ಟಿದವರು ಯಾರು ಎಂದು ಗೊತ್ತಿಲ್ಲ. ಬಾಯಿಂದ ಬಾಯಿಗೆ ಬಂದದ್ದು. ಯಾರೋ ಬರೆದುಕೊಂಡರು, ಯಾರೋ ಮುದ್ರಿಸಿಕೊಂಡರು. ಅದಕ್ಕೇ ಅದು ನಾಡಿಗೆಲ್ಲಾ ಕೇಳಿತು.

ಸುಧಾಳ ಅಜ್ಜಿಗೂ ನೂರಾರು ಹಾಡು ಬರುತ್ತಿದ್ದವು. ಸೋಬಾನೆ ಪದ, ಬೀಸೋ ಪದ, ನಾಟಿ ಪದ. ಯಾವುದೂ ಪುಸ್ತಕದಲ್ಲಿ ಇರಲಿಲ್ಲ. ಅಜ್ಜಿಗೆ ವಯಸ್ಸಾಗಿತ್ತು. ಉಸಿರು ಕಮ್ಮಿಯಾಗಿತ್ತು.

ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯ ಹಿರಿಯರ ದನಿ ಮುದ್ರಿಸಿ ತನ್ನಿ ಎಂದರು. ಸುಧಾ ಕುಣಿಗಲ್ ಬಸ್ಸು ಹತ್ತಿದಳು.

ಅಜ್ಜಿಯನ್ನು ಒಳಕೋಣೆಯಲ್ಲಿ ಕೂರಿಸಿದಳು. ಫ್ಯಾನು ಆರಿಸಿದಳು. ಗೋಡೆಗೆ ಮೆತ್ತೆ ಎಲ್ಲಿ ತರುವುದು? ಎರಡು ಕಂಬಳಿ ಕಟ್ಟಿದಳು. ಕೋಳಿಯನ್ನು ಹಿತ್ತಲಿಗೆ ಅಟ್ಟಿದಳು. ಮೈಕನ್ನು ಅಜ್ಜಿಯ ಬಾಯಿಯಿಂದ ಒಂದು ಗೇಣು ದೂರ ಇಟ್ಟಳು.

"ಅಜ್ಜಿ, ನಿನ್ನ ಹಾಡು ಮುದ್ರಿಸ್ಕೊಳ್ಳಲಾ? ಕಾಲೇಜಿನೋರು ಕೇಳ್ತಾರೆ. ರೇಡಿಯೊದಲ್ಲೂ ಹಾಕಬಹುದು."

"ಹಾಕ್ಕಳವ್ವ. ಮಣ್ಣಿಗೆ ಹೊತ್ಕಂಡೋಗಿ ಏನು ಮಾಡಲಿ?" ಅಂದಳು ಅಜ್ಜಿ.

ಅಜ್ಜಿ ಒಂದಾದ ಮೇಲೊಂದು ಹಾಡಿದಳು. ಕಡೆಗೆ ಒಂದು ಹಾಡು ಬಂತು. ಅಜ್ಜಿಯ ಮೊದಲ ಮಗು ಎಳೆಯದರಲ್ಲೇ ತೀರಿಹೋಗಿತ್ತು. ಆ ಮಗುವಿನ ಮೇಲೆ ಅಜ್ಜಿಯೇ ಕಟ್ಟಿದ ಹಾಡು. ರಂಗಮ್ಮನೂ ಅದನ್ನು ಕೇಳಿರಲಿಲ್ಲ. ಹಾಡು ಮುಗಿಯಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದು ಮಾತ್ರ ಆಚೆ ಕೊಡಬೇಡ ಕಣವ್ವ. ಇದು ನನ್ನದು" ಅಂದಳು.

ಸುಧಾ ಯೋಚನೆ ಮಾಡಿದಳು. ಎಲ್ಲದರಲ್ಲೂ ಚೆನ್ನಾಗಿದ್ದ ಹಾಡು ಅದೇ. ಅದನ್ನು ಕೊಟ್ಟರೆ ಹೆಚ್ಚು ಅಂಕ ಬರಬಹುದಿತ್ತು. ಆದರೆ ಹಾಡು ಅಜ್ಜಿಯದು. ಸುಧಾ ಅದನ್ನು ಕಾಲೇಜಿಗೆ ಕೊಡಲಿಲ್ಲ. ಮನೆಗೆಂದು ಬೇರೆ ಇಟ್ಟಳು.

ವಿಷಯ ಕೇಳಿ ಮೇಡಂ ಹೇಳಿದರು, "ಕ್ಯಾಮೆರಾ ಹಿಡಿಯೋದನ್ನ ಆರು ತಿಂಗಳಲ್ಲಿ ಕಲಿಸಬಹುದು. ಎಲ್ಲಿ ಇಳಿಸಬೇಕು ಅನ್ನೋದು ಕಷ್ಟದ ಪಾಠ. ಅದನ್ನ ನೀನು ಕಲಿತೆ."

ಸುಧಾ ಉಳಿದ ಹಾಡುಗಳನ್ನು ಜೋಡಿಸಿ ಅಜ್ಜಿಗೆ ಕೇಳಿಸಿದಳು. ಅಜ್ಜಿ ಕಿವಿಗೆ ಫೋನು ಹಿಡಿದು ಬೆರಗಾಗಿ ಕೂತಳು.

"ಇದು ನನ್ನ ದನಿಯಾ? ನನ್ನವ್ವನ ದನಿ ಇದ್ದಂಗೈತಲ್ಲ!"

ಬೇಸಗೆ ಕಳೆಯುವ ಹೊತ್ತಿಗೆ ಅಜ್ಜಿ ತೀರಿಕೊಂಡಳು. ದಿವಸದ ದಿನ ನೆಂಟರೆಲ್ಲಾ ಸೇರಿದ್ದರು. ಸುಧಾ ಅಜ್ಜಿಯ ಸೋಬಾನೆ ಪದ ಹಾಕಿದಳು. ಎಲ್ಲರೂ ಸುಮ್ಮನೆ ಕೂತು ಕೇಳಿದರು. ಪಕ್ಕದ ಮನೆಯ ಅತ್ತೆಯೂ ಬಂದಿದ್ದರು. ಹೊರಡುವಾಗ ಸುಧಾಳ ಕೈ ಹಿಡಿದುಕೊಂಡರು.

"ನಂಗೂ ನಾಕು ಪದ ಬತ್ತವೆ ಕಣೆ. ಒಂದಿನ ಬಾ ಮನೆಗೆ" ಅಂದರು.

ನೆನಪಿಡಿ

ಕ್ಯಾಮೆರಾ, ಮೈಕು, ಜೋಡಣೆ, ಇವು ಕೈಕಸುಬು. ಹೆಣ್ಣುಮಕ್ಕಳೂ ಕಲಿಯಬಹುದು.

ಓದದೆ ಸಹಿ ಹಾಕಬಾರದು. ಸಣ್ಣ ಅಕ್ಷರವನ್ನೇ ಮೊದಲು ಓದಬೇಕು.

"ಇವತ್ತೇ ಕಟ್ಟಿ" ಎಂದು ಅವಸರ ಮಾಡುವವರಿಗೆ ದುಡ್ಡು ಕೊಡಬಾರದು.

ಮಾನ್ಯತೆಯ ಕಾಗದ ನೋಡಬೇಕು. ರಸೀದಿ ಪಡೆಯಬೇಕು.

ಒಬ್ಬರ ಚಿತ್ರವನ್ನು, ದನಿಯನ್ನು ಅವರನ್ನು ಕೇಳದೆ ತೆಗೆಯಬಾರದು. ಕೇಳದೆ ಬೇರೆಯವರಿಗೆ ಕಳಿಸಬಾರದು. ನಿಮ್ಮ ಚಿತ್ರವನ್ನು ಯಾರಾದರೂ ತೆಗೆಯಲು ಬಂದರೆ "ಬೇಡ" ಎನ್ನುವ ಹಕ್ಕು ನಿಮಗಿದೆ.

ಹೊಸ ಮಾತುಗಳು

ಮಾನ್ಯತೆ: ಈ ಓದು ಸರಿಯಾದದ್ದು ಎಂದು ಸರ್ಕಾರ ಅಥವಾ ವಿಶ್ವವಿದ್ಯಾಲಯ ಒಪ್ಪಿರುವುದು.
ಪೋಷಕರು: ಮಕ್ಕಳನ್ನು ಸಾಕಿ ನೋಡಿಕೊಳ್ಳುವವರು. ತಾಯಿಯೂ ಪೋಷಕರೇ.
ಎಡಿಟಿಂಗ್: ತೆಗೆದ ಚಿತ್ರ, ದನಿಗಳನ್ನು ಆರಿಸಿ ಜೋಡಿಸುವುದು.
ಸಮುದಾಯ ಬಾನುಲಿ: ಊರಿನ ಜನರಿಗಾಗಿ, ಊರಿನ ಜನರನ್ನು ಸೇರಿಸಿಕೊಂಡು ನಡೆಸುವ ರೇಡಿಯೊ.

ಉತ್ತರ ಹೇಳಿ

1. ಬಣ್ಣದ ಕಾಗದದ ಕೆಳಗೆ ಏನು ಬರೆದಿತ್ತು?
2. ಗುಬ್ಬಿ ನಾಟಕ ಕಂಪನಿ ಯಾವ ವರ್ಷ ಶುರುವಾಯಿತು?
3. 'ಸಂಗಂ ಶಾಟ್' ಎಂದರೇನು?
4. ಸುಧಾ ಅಜ್ಜಿಯ ಒಂದು ಹಾಡನ್ನು ಕಾಲೇಜಿಗೆ ಯಾಕೆ ಕೊಡಲಿಲ್ಲ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮಾಡಿ ನೋಡಿ

ಮನೆಯಲ್ಲಿ ಫೋನು ಇದ್ದರೆ ನಿಮ್ಮ ಓಣಿಯ ಹಿರಿಯರೊಬ್ಬರ ಒಂದು ಹಾಡು ಮುದ್ರಿಸಿ. ಮೊದಲು ಅವರ ಒಪ್ಪಿಗೆ ಕೇಳಿ. ಫ್ಯಾನು ಆರಿಸಿ. ಆ ಹಾಡು ಯಾರಿಂದ ಕಲಿತದ್ದು ಎಂದು ಕೇಳಿ, ಅವರ ಹೆಸರನ್ನು ಇಲ್ಲಿ ಬರೆಯಿರಿ.

.........................................